ಕೈಯಲ್ಲಿ ಹಾಕಿದರೆ ಕೂರುತ್ತದೆ, ತಾನಾಗಿ ಬರುವುದಿಲ್ಲ: ವಿಂಡೋಸ್ 11ಕ್ಕೆ ಹೋದ ಮೇಲಿನ ಗೋಳು

ಪ್ರಶ್ನೆ: ನಮ್ಮದು ಹಾವೇರಿ ಕಡೆಯ ಒಂದು ಸಹಕಾರ ಸಂಘ. 38 ಕಂಪ್ಯೂಟರ್, ಎಲ್ಲರ ಲಾಗಿನ್ ನೋಡಿಕೊಳ್ಳುವ ಒಂದು ಡೊಮೇನ್ ಸರ್ವರ್, ನೆಟ್‌ವರ್ಕ್‌ನಲ್ಲಿ ಫೈಲುಗಳನ್ನು ಇಡುವ ಒಂದು ನ್ಯಾಸ್ ಬಾಕ್ಸ್ ಇವೆ. ಲೆಕ್ಕದ ಸಾಫ್ಟ್‌ವೇರ್, ಪಿಡಿಎಫ್ ರೀಡರ್ ಎಲ್ಲ ಗ್ರೂಪ್ ಪಾಲಿಸಿ (ಸರ್ವರ್‌ನಿಂದಲೇ ಎಲ್ಲ ಕಂಪ್ಯೂಟರ್‌ಗೂ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಮೂಲಕ ತಾವಾಗಿಯೇ ಇನ್‌ಸ್ಟಾಲ್ ಆಗುತ್ತಿದ್ದವು. ಫೈಲುಗಳು ನ್ಯಾಸ್‌ನ ಶೇರ್ ಫೋಲ್ಡರ್‌ನಲ್ಲಿವೆ. ಇತ್ತೀಚೆಗೆ 26 ಕಂಪ್ಯೂಟರ್‌ಗಳನ್ನು ವಿಂಡೋಸ್ 10 ಪ್ರೊದಿಂದ ವಿಂಡೋಸ್ 11 ಪ್ರೊದ 24ಎಚ್2 ವರ್ಷನ್‌ಗೆ ತಂದೆವು. ಉಳಿದ 12 ಹಳೆಯವು, 11ಕ್ಕೆ ಒಗ್ಗಲಿಲ್ಲ. ಈಗ ಲೆಕ್ಕದ ಸಾಫ್ಟ್‌ವೇರಿನ ಹೊಸ ವರ್ಷನ್ ಆ ಹಳೆಯ 12ಕ್ಕೆ ಸರಿಯಾಗಿ ಹೋಗುತ್ತಿದೆ, ಹೊಸ 26ಕ್ಕೆ ಹೋಗುತ್ತಿಲ್ಲ! ನಾನೇ ಲಾಗಿನ್ ಆಗಿ ಶೇರ್ ತೆರೆದು ಡಬಲ್ ಕ್ಲಿಕ್ ಮಾಡಿದರೆ ಸಲೀಸಾಗಿ ಇನ್‌ಸ್ಟಾಲ್ ಆಗುತ್ತದೆ. ಎಲ್ಲವನ್ನೂ ಫಾರ್ಮ್ಯಾಟ್ ಮಾಡಬೇಕಾ? ಇನ್ನೊಂದು ವಿಷಯ. ಕೆಲವು ಕಂಪ್ಯೂಟರ್‌ಗಳಲ್ಲಿ ನಮ್ಮ ಕನ್ನಡ ಪತ್ರಗಳ ಅಕ್ಷರ ಬೇರೆ ಥರ ಕಾಣುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಫಾರ್ಮ್ಯಾಟ್ ಮಾಡಬೇಡಿ. ಎರಡು ವಾರ ಕೂತು 26 ಕಂಪ್ಯೂಟರ್‌ಗೂ ಹೊಸದಾಗಿ ವಿಂಡೋಸ್ ಹಾಕಿದರೂ ಇದೇ ತೊಂದರೆ ಇದೇ ಜಾಗದಲ್ಲಿ ಕಾಯುತ್ತಾ ಕೂತಿರುತ್ತದೆ. ಯಾಕೆಂದರೆ, ನೀವು ಹೇಳಿದ್ದನ್ನು ನೋಡಿದರೆ, ಕೆಟ್ಟಿರುವುದು ಸಾಫ್ಟ್‌ವೇರೂ ಅಲ್ಲ, ವಿಂಡೋಸೂ ಅಲ್ಲ.

ಸುಳಿವು ನಿಮ್ಮ ಪತ್ರದಲ್ಲೇ ಇದೆ. "ನಾನೇ ಲಾಗಿನ್ ಆಗಿ ತೆರೆದರೆ" ಎಂದಿದ್ದೀರಿ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್‌ಗೆ ಎಂದು ಕೊಟ್ಟ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವುದು ಮೆಷಿನ್ ಬೂಟ್ ಆಗುವಾಗ. ಆಗ ಯಾರೂ ಲಾಗಿನ್ ಆಗಿರುವುದಿಲ್ಲ. ಫೈಲ್ ತರಲು ನ್ಯಾಸ್ ಬಾಗಿಲಿಗೆ ಹೋಗುವುದು ನೀವಲ್ಲ, ಕಂಪ್ಯೂಟರೇ. ಡೊಮೇನ್‌ನಲ್ಲಿ ಅದಕ್ಕೂ ಒಂದು ಅಕೌಂಟ್ ಇರುತ್ತದೆ: ಕಂಪ್ಯೂಟರಿನ ಹೆಸರು, ಕೊನೆಗೊಂದು ಡಾಲರ್ ಚಿಹ್ನೆ. ನಿಮ್ಮ ನ್ಯಾಸ್ ಡೊಮೇನ್‌ಗೆ ಸೇರಿಲ್ಲ ಅಂದುಕೊಂಡಿದ್ದೇನೆ. ಚಿಕ್ಕ ಆಫೀಸುಗಳಲ್ಲಿ ಸೇರಿಸುವುದು ಕಡಿಮೆ. ಸೇರದ ನ್ಯಾಸ್‌ಗೆ ಈ ಡಾಲರ್ ಹೆಸರಿನವರು ಯಾರೆಂದು ಗೊತ್ತೇ ಇಲ್ಲ. ಗೊತ್ತಿಲ್ಲದವರು ಬಂದರೆ ಗೆಸ್ಟ್ ಎಂದು ಒಳಗೆ ಬಿಟ್ಟುಬಿಡುವ ಸೆಟ್ಟಿಂಗ್ ಇಂಥ ಬಾಕ್ಸ್‌ಗಳಲ್ಲಿ ಮಾಮೂಲಿ. ಮದುವೆ ಮನೆಯಲ್ಲಿ ಯಾರ ಕಡೆಯವರು ಅಂತ ಕೇಳದೆ ಎಲೆ ಹಾಕುತ್ತಾರಲ್ಲ, ಹಾಗೆ.

ಇಷ್ಟು ದಿನ ಅದು ನಡೆಯಿತು. ಈಗ ಎಲೆ ಹಾಕುವವರು ಬದಲಾಗಿಲ್ಲ. ಊಟಕ್ಕೆ ಬಂದವನೇ "ಹೆಸರು ಕೇಳದ ಮನೆಗೆ ನಾನು ಕಾಲಿಡುವುದಿಲ್ಲ" ಎನ್ನುತ್ತಿದ್ದಾನೆ. ವಿಂಡೋಸ್ 11 ಪ್ರೊ 24ಎಚ್2ರಲ್ಲಿ ಗೆಸ್ಟ್ ಆಗಿ ಶೇರ್‌ಗೆ ಹೋಗುವುದನ್ನು ಡೀಫಾಲ್ಟ್ ಆಗಿಯೇ ನಿಲ್ಲಿಸಿದ್ದಾರೆ. ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಎಡಿಷನ್‌ಗಳಲ್ಲಿ ಇದು 2017ರಲ್ಲಿ ಬಂದ ವಿಂಡೋಸ್ 10ರ 1709 ವರ್ಷನ್‌ನಿಂದಲೇ ಇತ್ತು. ಪ್ರೊ ಬಳಸುವ ನಮ್ಮ ಚಿಕ್ಕ ಆಫೀಸುಗಳಿಗೆ ಬಿಸಿ ತಟ್ಟಿದ್ದು ಈಗ. ಜೊತೆಗೆ 24ಎಚ್2 ಎಸ್‌ಎಂಬಿ (ಶೇರ್ ಫೋಲ್ಡರ್ ತೆರೆಯಲು ವಿಂಡೋಸ್ ಬಳಸುವ ಭಾಷೆ) ಸೈನಿಂಗ್ ಅನ್ನೂ ಕಡ್ಡಾಯ ಮಾಡಿದೆ, ಅಂದರೆ ನೆಟ್‌ವರ್ಕ್‌ನಲ್ಲಿ ಬರುವ ಪ್ರತಿ ಪ್ಯಾಕೆಟ್‌ಗೂ ಸಹಿ ಇರಬೇಕು. ಸಹಿ ಹಾಕಲು ಪಾಸ್‌ವರ್ಡ್‌ನಿಂದ ಹುಟ್ಟಿದ ಕೀ ಬೇಕು. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ. ಹಾಗಾಗಿ ಒಂದು ಬಾಗಿಲು ತೆಗೆದರೂ ಇನ್ನೊಂದು ಮುಚ್ಚಿರುತ್ತದೆ.

ನಿಮಗೆ ಮಾತ್ರ ಯಾಕೆ ತೆರೆಯುತ್ತದೆ? ನಿಮ್ಮ ಹೆಸರಿನಲ್ಲಿ ನ್ಯಾಸ್‌ನಲ್ಲಿ ಒಂದು ಯೂಸರ್ ಇದೆ, ಪಾಸ್‌ವರ್ಡ್ ಎಂದೋ ಸೇವ್ ಆಗಿದೆ. ಅಷ್ಟೇ. ಇದೇ ವಿಷಯಕ್ಕೆ ನಾನೂ ಒಂದು ಆಫೀಸಿನಲ್ಲಿ ಎರಡು ದಿನ ಕಳೆದಿದ್ದೇನೆ. ಅಡ್ಮಿನ್ ಆಗಿ ಲಾಗಿನ್ ಆಗಿ, "ಶೇರ್ ಚೆನ್ನಾಗಿಯೇ ಇದೆಯಲ್ಲ" ಎಂದು ಎಂಎಸ್‌ಐ ಫೈಲನ್ನೇ, ಅಂದರೆ ಇನ್‌ಸ್ಟಾಲ್ ಮಾಡುವ ಪ್ಯಾಕೇಜನ್ನೇ, ಬೈಯುತ್ತಾ ಕೂತಿದ್ದೆ. ಮೂರನೇ ದಿನ ಬೆಳಿಗ್ಗೆ ಲಾಗ್ ನೋಡಿದೆ. ಮೊದಲ ದಿನವೇ ನೋಡಬೇಕಿತ್ತು.

ಇಷ್ಟೆಲ್ಲ ಹೇಳಿದ್ದು ಊಹೆ. ಈಗ ನೀವು ಖಾತ್ರಿ ಮಾಡಿಕೊಳ್ಳಿ. ತೊಂದರೆ ಇರುವ ಒಂದೇ ಒಂದು ಕಂಪ್ಯೂಟರ್ ಆರಿಸಿಕೊಳ್ಳಿ. 26ರಲ್ಲೂ ಓಡಾಡಬೇಡಿ. ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ಲಾಗ್‌ನಲ್ಲಿ "ಅಪ್ಲಿಕೇಶನ್ ಮ್ಯಾನೇಜ್‌ಮೆಂಟ್ ಗ್ರೂಪ್ ಪಾಲಿಸಿ" ಎಂಬ ಸೋರ್ಸ್‌ನ ಸಾಲುಗಳನ್ನು ನೋಡಿ. ಅಲ್ಲಿ ಎರಡು ಪರ್ಸೆಂಟ್ ಚಿಹ್ನೆಯ ಮುಂದೆ ಒಂದು ನಂಬರ್ ಇರುತ್ತದೆ. ಅದು 1612 ಆಗಿದ್ದರೆ, ಇನ್‌ಸ್ಟಾಲ್ ಮಾಡುವ ಫೈಲ್ ಇರುವ ಜಾಗವೇ ಸಿಗಲಿಲ್ಲ ಎಂದರ್ಥ. ನಿಮ್ಮಲ್ಲಿ ಇದೇ ಇರುತ್ತದೆ ಅನ್ನುವುದು ನನ್ನ ಲೆಕ್ಕ. ಆಮೇಲೆ ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಎಸ್‌ಎಂಬಿ ಕ್ಲೈಂಟ್ ಎಂದು ಇಳಿಯುತ್ತಾ ಹೋಗಿ ಸೆಕ್ಯುರಿಟಿ ಲಾಗ್ ತೆರೆಯಿರಿ. 31017 ಎಂಬ ಈವೆಂಟ್ ಕಂಡರೆ ಕೇಸ್ ಮುಗಿಯಿತು. ಸುರಕ್ಷಿತವಲ್ಲದ ಗೆಸ್ಟ್ ಲಾಗಿನ್ ತಿರಸ್ಕರಿಸಿದೆ ಎಂದು ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ.

ಇನ್ನೂ ಅನುಮಾನವಿದ್ದರೆ ಕಂಪ್ಯೂಟರ್‌ನ ವೇಷದಲ್ಲಿ ನೀವೇ ಹೋಗಿ ಬಾಗಿಲು ತಟ್ಟಿ ನೋಡಬಹುದು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಟಾಸ್ಕ್ ಮಾಡಿ, ಅದು ಸಿಸ್ಟಮ್ ಅಕೌಂಟ್‌ನಲ್ಲಿ ಓಡಲಿ. ಕೆಲಸ ಇಷ್ಟೇ: ಶೇರ್ ಫೋಲ್ಡರ್‌ನ ಪಟ್ಟಿಯನ್ನು ಡಿಐಆರ್ ಕಮಾಂಡ್‌ನಿಂದ ತೆಗೆದು ಸಿ ಡ್ರೈವ್‌ನ ಒಂದು ಟೆಕ್ಸ್ಟ್ ಫೈಲ್‌ಗೆ ಬರೆಯುವುದು. ಎರರ್ ಬಂದರೆ ಅದೂ ಅದೇ ಫೈಲ್‌ಗೆ ಬೀಳುವ ಹಾಗೆ ಮಾಡಿ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಒಂದಾದ ಪಿಎಸ್‌ಎಕ್ಸೆಕ್ ಇದ್ದರೆ ಇನ್ನೂ ಬೇಗ ಆಗುತ್ತದೆ, ಆದರೆ ಕೆಲವು ಆ್ಯಂಟಿವೈರಸ್‌ಗಳು ಅದನ್ನು ಕಂಡರೆ ಕೂಗಾಡುತ್ತವೆ.

ಈಗ ಸರಿಮಾಡುವ ವಿಷಯ. ಗೂಗಲ್ ಮಾಡಿದರೆ ಐದು ನಿಮಿಷದ ಉಪಾಯ ಸಿಗುತ್ತದೆ: "ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್" ಪಾಲಿಸಿ ಆನ್ ಮಾಡಿ, ಸೈನಿಂಗ್ ಆಫ್ ಮಾಡಿ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೂ ಮಾಡಬೇಡಿ. ಆ ಫೋಲ್ಡರ್‌ನಲ್ಲಿರುವ ಫೈಲ್ ಪ್ರತಿ ಕಂಪ್ಯೂಟರ್‌ನಲ್ಲೂ ಸಿಸ್ಟಮ್ ಅಕೌಂಟ್‌ನಲ್ಲಿ ಓಡುತ್ತದೆ. ಅದಕ್ಕಿಂತ ಜಾಸ್ತಿ ಅಧಿಕಾರ ಅಡ್ಮಿನ್‌ಗೂ ಇಲ್ಲ. ಗೆಸ್ಟ್‌ಗೆ ಬರೆಯುವ ಅನುಮತಿಯೂ ಇದ್ದರೆ, ನಿಮ್ಮ ಆಫೀಸ್ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ಲೆಕ್ಕದ ಸಾಫ್ಟ್‌ವೇರ್ ಫೈಲ್ ತೆಗೆದು ಅದೇ ಹೆಸರಿನ ಬೇರೆ ಫೈಲ್ ಇಟ್ಟರೆ ಸಾಕು, ಮರುದಿನ ಬೆಳಿಗ್ಗೆ ಇಡೀ ಸಂಘಕ್ಕೆ ಅದು ಬಡಿಸಲ್ಪಡುತ್ತದೆ. ಸದಸ್ಯರ ಠೇವಣಿ, ಸಾಲದ ಲೆಕ್ಕ ಇರುವ ಜಾಗ ಅದು. ಇಷ್ಟು ವರ್ಷ ಏನೂ ಆಗಲಿಲ್ಲ ಅಂದರೆ ಅದೃಷ್ಟ.

ಹಾಗಾದರೆ ಮಾಡಬೇಕಾದ್ದು? ಫೈಲುಗಳನ್ನು ನ್ಯಾಸ್‌ನಿಂದ ಡೊಮೇನ್‌ಗೆ ಸೇರಿದ ಸರ್ವರ್‌ನ ಒಂದು ಶೇರ್‌ಗೆ ತನ್ನಿ. ಶೇರ್ ಪರ್ಮಿಷನ್‌ನಲ್ಲೂ, ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲೂ, ಎರಡು ಕಡೆಯೂ, "ಡೊಮೇನ್ ಕಂಪ್ಯೂಟರ್ಸ್" ಗುಂಪಿಗೆ ಓದುವ ಅನುಮತಿ ಕೊಡಿ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಮರೆಯುವುದು ನಮ್ಮೆಲ್ಲರ ಚಾಳಿ. ಬರೆಯುವ ಅನುಮತಿ ಅಡ್ಮಿನ್‌ಗೆ ಮಾತ್ರ. ಪಾಲಿಸಿಯಲ್ಲಿ ದಾರಿ ಕೊಡುವಾಗ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರ್‌ನ ಹೆಸರನ್ನೇ ಬರೆಯಿರಿ. ಐಪಿ ಅಡ್ರೆಸ್ ಬರೆದರೆ ಡೊಮೇನ್‌ನಲ್ಲಿ ಬಂದವರು ಯಾರೆಂದು ಖಾತ್ರಿ ಮಾಡುವ ಕರ್ಬರೋಸ್ ಮಾಮೂಲಾಗಿ ಕೆಲಸ ಮಾಡುವುದಿಲ್ಲ. ಜೆಡ್ ಡ್ರೈವ್, ವೈ ಡ್ರೈವ್ ಅಂತ ಮ್ಯಾಪ್ ಮಾಡಿದ ಅಕ್ಷರ ಹಾಕಿದರೆ ಇನ್ನೂ ಕಷ್ಟ. ಅದು ನಿಮ್ಮ ಲಾಗಿನ್‌ನದು, ಬೂಟ್ ಆಗುವ ಹೊತ್ತಿಗೆ ಅಂಥ ಡ್ರೈವೇ ಇರುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ಗ್ರೂಪ್ ಪಾಲಿಸಿಯಲ್ಲಿ ಒಮ್ಮೆ ಸೇರಿಸಿದ ಪ್ಯಾಕೇಜ್‌ನ ದಾರಿಯನ್ನು ಎಡಿಟರ್‌ನಲ್ಲಿ ಬದಲಿಸಲು ಆಗುವುದಿಲ್ಲ. ಹಳೆಯದನ್ನು ತೆಗೆದು ಹೊಸದಾಗಿ ಸೇರಿಸಬೇಕು. ತೆಗೆಯುವಾಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ. ಒಂದು, ಎಲ್ಲ ಕಂಪ್ಯೂಟರ್‌ಗಳಿಂದ ಕೂಡಲೇ ಅನ್‌ಇನ್‌ಸ್ಟಾಲ್ ಮಾಡು. ಇನ್ನೊಂದು, ಇದ್ದವರು ಬಳಸಿಕೊಳ್ಳಲಿ, ಹೊಸದಾಗಿ ಹಾಕಬೇಡ. ಅವಸರದಲ್ಲಿ ಮೊದಲನೆಯದಕ್ಕೆ ಓಕೆ ಒತ್ತಿದರೆ, ಚೆನ್ನಾಗಿ ನಡೆಯುತ್ತಿರುವ ಆ 12 ಕಂಪ್ಯೂಟರ್‌ಗಳಿಂದಲೂ ಲೆಕ್ಕದ ಸಾಫ್ಟ್‌ವೇರ್ ಮಾಯ. ಎರಡನೆಯದನ್ನೇ ಆರಿಸಿ. ಹೊಸದಾಗಿ ಸೇರಿಸಿದ ಮೇಲೆ ಆ 12ರಲ್ಲೂ ಇನ್‌ಸ್ಟಾಲ್ ಮತ್ತೊಮ್ಮೆ ಓಡಬಹುದು, ಆದ್ದರಿಂದ ಸೋಮವಾರ ಬೆಳಿಗ್ಗೆ ಇಟ್ಟುಕೊಳ್ಳಬೇಡಿ. ಮೆನುವಿನಲ್ಲಿ "ರೀಡಿಪ್ಲಾಯ್" ಎಂಬುದೂ ಕಾಣುತ್ತದೆ. ಆಸೆಪಡಬೇಡಿ, ಅದು ಹಳೆಯ ದಾರಿಯಲ್ಲೇ ಎಲ್ಲರಿಗೂ ಮತ್ತೆ ಕಳಿಸುತ್ತದೆ.

ಹೀಗೆ ಮಾಡಿದ ಮೇಲೆ 26ರಲ್ಲಿ ಬಹುಪಾಲು ಸರಿಹೋಗುತ್ತವೆ. ನಾಲ್ಕೈದು ಉಳಿಯುತ್ತವೆ. ಯಾವಾಗಲೂ ಉಳಿಯುತ್ತವೆ. ಅವುಗಳ ಕಾರಣ ಬೇರೆ ಬೇರೆ ಇರುತ್ತದೆ, ಲಾಗ್‌ನ ನಂಬರ್ ನೋಡಿಯೇ ಮುಂದೆ ಹೋಗಬೇಕು.

ಸಿಸ್ಟಮ್ ಅಕೌಂಟ್‌ನಲ್ಲಿ ಶೇರ್ ತೆರೆಯುತ್ತದೆ, ಆದರೂ ಬೂಟ್ ಆಗುವಾಗ ಬರುವುದಿಲ್ಲ ಅಂದರೆ ಅದು ಹೊತ್ತಿನ ತಕರಾರು. ಲಾಗ್‌ನಲ್ಲಿ 1274 ಇರುತ್ತದೆ. ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ವಿಂಡೋಸ್ ಲಾಗಿನ್ ಪರದೆ ತೋರಿಸಿ, ಪಾಲಿಸಿಗಳನ್ನು ಹಿಂದಿನಿಂದ ನಿಧಾನವಾಗಿ ಓಡಿಸುತ್ತದೆ. ಸಾಫ್ಟ್‌ವೇರ್ ಇನ್‌ಸ್ಟಾಲ್‌ಗೆ ಮಾತ್ರ ಹಾಗೆ ಆಗುವುದಿಲ್ಲ, ಲಾಗಿನ್‌ಗೆ ಮುಂಚೆ ಎಲ್ಲವೂ ನಿಂತು ಕಾಯಬೇಕು. 1274 ಒಂದು ಸಲ ಕಂಡರೆ ಹೆದರಬೇಡಿ, ಮುಂದಿನ ಬೂಟ್‌ನಲ್ಲಿ ಕಾದು ಮುಗಿಸುತ್ತೇನೆ ಎಂದು ಅದು ಹೇಳುತ್ತಿರುತ್ತದೆ. ಪ್ರತಿ ಬೂಟ್‌ನಲ್ಲೂ ಬರುತ್ತಿದ್ದರೆ, ಕಂಪ್ಯೂಟರ್ ಕಾನ್ಫಿಗರೇಶನ್‌ನ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಲಾಗಾನ್ ಒಳಗೆ "ಆಲ್ವೇಸ್ ವೇಟ್ ಫಾರ್ ದ ನೆಟ್‌ವರ್ಕ್" ಎಂದು ಶುರುವಾಗುವ ಪಾಲಿಸಿ ಇದೆ, ಅದನ್ನು ಆನ್ ಮಾಡಿ. ವೈಫೈನಲ್ಲಿ ಮಾತ್ರ ಓಡುವ ಲ್ಯಾಪ್‌ಟಾಪ್ ಆದರೆ ಒಂದು ದಿನ ಕೇಬಲ್ ಹಾಕಿ ರೀಸ್ಟಾರ್ಟ್ ಮಾಡಿ. ಗುದ್ದಾಡುವುದಕ್ಕಿಂತ ಅದೇ ಸುಲಭ.

ರೀಸ್ಟಾರ್ಟ್ ಅಂದೆ, ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಸಂಜೆ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದ್ದು ನಿಜವಾದ ಬೂಟ್ ಅಲ್ಲವೇ ಅಲ್ಲ. ವಿಂಡೋಸ್ ಕರ್ನಲ್ ಅರ್ಧ ನಿದ್ದೆಯಿಂದ ಎದ್ದು ಬಂದಿರುತ್ತದೆ. ನೀವು ಮೊದಲು ಇದನ್ನು ಆಫ್ ಮಾಡಿಟ್ಟಿದ್ದರೂ ಅಪ್‌ಗ್ರೇಡ್ ಆದ ಮೇಲೆ ಮತ್ತೆ ಆನ್ ಆಗಿದ್ದನ್ನು ನಾನು ನೋಡಿದ್ದೇನೆ. "ದಿನಾ ಆಫ್ ಮಾಡ್ತೀವಿ ಸಾರ್" ಎಂದು ಸಿಬ್ಬಂದಿ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಮೇಲೆ ಒತ್ತಿ ಅಪ್‌ಟೈಮ್ ನೋಡಿ. ಹನ್ನೊಂದು ದಿನ ಎಂದು ತೋರಿಸಿದರೆ ಆಶ್ಚರ್ಯವಿಲ್ಲ.

ಲಾಗ್‌ನಲ್ಲಿ ಏನೂ ಇಲ್ಲ, ಎರರ್ ಕೂಡ ಇಲ್ಲ ಅಂದರೆ? ಪಾಲಿಸಿಯೇ ಆ ಕಂಪ್ಯೂಟರ್ ತಲುಪಿಲ್ಲ. ಯಾವ ಪಾಲಿಸಿ ತಲುಪಿದೆ ಎಂದು ತೋರಿಸುವ ಜಿಪಿರಿಸಲ್ಟ್ ಕಮಾಂಡ್ ಅನ್ನು ಅಡ್ಮಿನ್ ಆಗಿ ಓಡಿಸಿ ಎಚ್‌ಟಿಎಂಎಲ್ ರಿಪೋರ್ಟ್ ತೆಗೆಯಿರಿ. ನಿಮ್ಮ ಪಾಲಿಸಿ "ಡಿನೈಡ್" ಪಟ್ಟಿಯಲ್ಲಿದ್ದರೆ ಡಬ್ಲ್ಯೂಎಂಐ ಫಿಲ್ಟರ್ (ಪಾಲಿಸಿ ಯಾವ ಕಂಪ್ಯೂಟರ್‌ಗೆ ಹೋಗಬೇಕೆಂಬ ಷರತ್ತು) ಮೇಲೆ ಅನುಮಾನಪಡಿ. ಯಾರೋ ಹಿಂದೆ "ವರ್ಷನ್ 10.0.19ರಿಂದ ಶುರುವಾದರೆ ಮಾತ್ರ" ಎಂದು ಫಿಲ್ಟರ್ ಬರೆದಿಟ್ಟಿರುತ್ತಾರೆ. ವಿಂಡೋಸ್ 10ರ ಕೊನೆಯ ವರ್ಷನ್‌ನ ಬಿಲ್ಡ್ 19045. ವಿಂಡೋಸ್ 11 ತನ್ನನ್ನು 11.0 ಎಂದು ಕರೆದುಕೊಳ್ಳುವುದಿಲ್ಲ, ಅದೂ 10.0ಯೇ. ಬಿಲ್ಡ್ ನಂಬರ್ ಮಾತ್ರ 22000ದಿಂದ ಮೇಲೆ, 24ಎಚ್2 ಆದರೆ 26100. ಪಟ್ಟಿಯಲ್ಲಿ ನಿಮ್ಮ ಪಾಲಿಸಿಯ ಹೆಸರೇ ಇಲ್ಲ ಅಂದರೆ, ಆ ಕಂಪ್ಯೂಟರ್‌ಗೆ ಹೊಸದಾಗಿ ವಿಂಡೋಸ್ ಹಾಕಿ ಹೊಸ ಹೆಸರು ಕೊಟ್ಟು ಡೊಮೇನ್‌ಗೆ ಸೇರಿಸಿರಬಹುದು. ಹಾಗೆ ಸೇರಿದ್ದು ಡೊಮೇನ್‌ನ ಪಟ್ಟಿಯಾದ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ "ಕಂಪ್ಯೂಟರ್ಸ್" ಎಂಬ ಡೀಫಾಲ್ಟ್ ಜಾಗದಲ್ಲಿ ಕೂತಿರುತ್ತದೆ. ಅದು ಓಯು (ಪಾಲಿಸಿ ಲಿಂಕ್ ಮಾಡಬಹುದಾದ ಗುಂಪು) ಅಲ್ಲ, ಅದಕ್ಕೆ ಪಾಲಿಸಿ ಲಿಂಕ್ ಮಾಡಲು ಬರುವುದಿಲ್ಲ. ಎಳೆದು ಸರಿಯಾದ ಓಯುಗೆ ಹಾಕಿ.

1603 ಬಂದರೆ ಮಾತ್ರ ಪ್ಯಾಕೇಜ್ ಮೇಲೆ ಕೈ ಇಡಿ. ಈ ನಂಬರ್‌ಗೆ "ಏನೋ ಎಡವಟ್ಟಾಯಿತು" ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಎಂಎಸ್‌ಐ ಅನ್ನು ವರ್ಬೋಸ್ (ಪೂರ್ತಿ ವಿವರದ) ಲಾಗ್ ಜೊತೆ ಕೈಯಿಂದ ಓಡಿಸಿ. ಸಾವಿರಾರು ಸಾಲು ಬರುತ್ತದೆ, ಓದಲು ಹೋಗಬೇಡಿ. "ರಿಟರ್ನ್ ವ್ಯಾಲ್ಯೂ 3" ಎಂದು ಹುಡುಕಿ, ಅದರ ಮೇಲಿನ ಹತ್ತು ಹದಿನೈದು ಸಾಲು ನೋಡಿ. ನಿಜವಾದ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ.

ಲೆಕ್ಕದ ಸಾಫ್ಟ್‌ವೇರ್ ಬರುವುದು ಎಂಎಸ್‌ಐ ಆಗಿ ಅಲ್ಲ, ಬೂಟ್ ಆಗುವಾಗ ಓಡುವ ಸ್ಟಾರ್ಟಪ್ ಬ್ಯಾಚ್ ಫೈಲ್‌ನಿಂದ (ಕಮಾಂಡ್‌ಗಳ ಪಟ್ಟಿ) ಎಂದಾದರೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಮ್ಮೆ ಓದಿ. ಡಬ್ಲ್ಯೂಎಂಐಸಿ ಎಂಬ ಕಮಾಂಡ್ ಇದೆಯಾ? ಎಷ್ಟೋ ಹಳೆಯ ಬ್ಯಾಚ್ ಫೈಲುಗಳು ವಿಂಡೋಸ್ ಯಾವುದು, ಪ್ರೋಗ್ರಾಂ ಇದೆಯೋ ಇಲ್ಲವೋ ಎಂದು ಅದರಿಂದಲೇ ಕೇಳುತ್ತವೆ. 24ಎಚ್2ರಲ್ಲಿ ಅದು ಡೀಫಾಲ್ಟ್ ಆಗಿ ಇಲ್ಲ. ಉತ್ತರ ಖಾಲಿ ಬರುತ್ತದೆ, ಬ್ಯಾಚ್ ಫೈಲ್ ಸುಮ್ನೆ ಹೊರಗೆ ಬರುತ್ತದೆ, ಎರರ್ ಕೂಡ ಬೀಳುವುದಿಲ್ಲ. ಅದರ ಬದಲು ಪವರ್‌ಶೆಲ್‌ನಲ್ಲಿ ಕೇಳಿ. ಹಾಗೆಂದು ರಿಜಿಸ್ಟ್ರಿಯ "ಪ್ರಾಡಕ್ಟ್ ನೇಮ್" ನೋಡಿ ತೀರ್ಮಾನ ಮಾಡಬೇಡಿ. ವಿಂಡೋಸ್ 11 ಹಾಕಿದ ಮೆಷಿನ್‌ನಲ್ಲೂ ಅಲ್ಲಿ "ವಿಂಡೋಸ್ 10 ಪ್ರೊ" ಎಂದೇ ಇರುತ್ತದೆ! ಬಿಲ್ಡ್ ನಂಬರ್ ಒಂದನ್ನೇ ನಂಬಿ. ವಿಬಿಸ್ಕ್ರಿಪ್ಟ್ ಎಂಬ ಹಳೆಯ ಭಾಷೆಯಲ್ಲಿ ಬರೆದ ಫೈಲುಗಳು ಸದ್ಯಕ್ಕೆ ಓಡುತ್ತವೆ, ಆದರೆ ಮೈಕ್ರೋಸಾಫ್ಟ್ 2023ರಲ್ಲೇ ಅದನ್ನು ಕೈಬಿಡುವುದಾಗಿ ಹೇಳಿದೆ. ಹೊಸದಾಗಿ ಬರೆಯುವುದಿದ್ದರೆ ಅದರಲ್ಲಿ ಬರೆಯಬೇಡಿ.

26ರಲ್ಲಿ ಯಾವುದಾದರೂ ಮೊದಲು 32 ಬಿಟ್ ವಿಂಡೋಸ್ 10 ಇದ್ದ ಮೆಷಿನ್ ಆಗಿತ್ತಾ? ವಿಂಡೋಸ್ 11ರಲ್ಲಿ 32 ಬಿಟ್ ಎಂಬುದೇ ಇಲ್ಲ, ಹಾಗಾಗಿ ಅದಕ್ಕೆ ಹೊಸದಾಗಿಯೇ ಹಾಕಿರುತ್ತೀರಿ. 32 ಬಿಟ್ ಪ್ರೋಗ್ರಾಂಗಳು ಈಗ "ಪ್ರೋಗ್ರಾಂ ಫೈಲ್ಸ್ ಎಕ್ಸ್86" ಫೋಲ್ಡರ್‌ಗೆ ಹೋಗಿ ಕೂರುತ್ತವೆ. ಬ್ಯಾಚ್ ಫೈಲ್ ಹಳೆಯ ಫೋಲ್ಡರ್‌ನಲ್ಲೇ ಹುಡುಕುತ್ತಿದ್ದರೆ, ಇಲ್ಲ ಎಂದುಕೊಂಡು ದಿನಾ ಬೆಳಿಗ್ಗೆ ಹೊಸದಾಗಿ ಹಾಕುತ್ತಲೇ ಇರುತ್ತದೆ.

ಉಳಿದ 12ರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಚೆನ್ನಾಗಿ ನಡೆಯುತ್ತಿವೆ ಎಂದು ಅವನ್ನು ಹಾಗೇ ಬಿಡಬೇಡಿ. ಸಂಸ್ಥೆಗಳಿಗೆ ದುಡ್ಡು ಕೊಟ್ಟು ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸುವ ಇಎಸ್‌ಯು ಯೋಜನೆ ಇದೆ, ಹೆಚ್ಚೆಂದರೆ ಮೂರು ವರ್ಷ, ಬೆಲೆ ವರ್ಷ ವರ್ಷ ದುಪ್ಪಟ್ಟಾಗುತ್ತದೆ. ಮೊದಲ ವರ್ಷ ಅದನ್ನು ತೆಗೆದುಕೊಂಡು, ಆಡಳಿತ ಮಂಡಳಿಯಿಂದ ಹೊಸ ಮೆಷಿನ್‌ಗೆ ಮಂಜೂರಾತಿ ಪಡೆಯುವುದು ನನಗೆ ಸರಿ ಕಾಣುತ್ತದೆ.

ಕೊನೆಗೆ ನಿಮ್ಮ ಕನ್ನಡ ಪತ್ರಗಳು. ಲೆಕ್ಕದ ಸಾಫ್ಟ್‌ವೇರ್ ತೊಂದರೆಗೂ ಇದಕ್ಕೂ ನೇರ ಸಂಬಂಧ ಇಲ್ಲ, ತಾಯಿ ಮಾತ್ರ ಒಬ್ಬಳೇ: ಅಪ್‌ಗ್ರೇಡ್. ಪತ್ರದ ಟೆಂಪ್ಲೇಟ್ ತುಂಗಾ ಫಾಂಟ್‌ನಲ್ಲಿದೆಯಾ ನೋಡಿ. ವಿಂಡೋಸ್ 10ರಿಂದಲೇ ತುಂಗಾ ಎಲ್ಲ ಮೆಷಿನ್‌ಗಳಲ್ಲಿ ತಾನಾಗಿ ಬರುವುದಿಲ್ಲ. "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಎಂಬ ಐಚ್ಛಿಕ ಫೀಚರ್‌ನಲ್ಲಿ ಅದನ್ನು ಇಟ್ಟಿದ್ದಾರೆ. ಅದಿಲ್ಲದಿದ್ದರೆ ವರ್ಡ್ ನಿರ್ಮಲಾದಂಥ ಬೇರೆ ಫಾಂಟ್ ತೋರಿಸುತ್ತದೆ. ಅಕ್ಷರದ ಅಳತೆ ಬದಲಾಗುತ್ತದೆ, ಒಂದು ಪುಟದ ಪತ್ರದ ಸಹಿ ಎರಡನೇ ಪುಟಕ್ಕೆ ಜಾರುತ್ತದೆ. ಐಎಸ್‌ಒ ಫೈಲ್‌ನಿಂದ (ವಿಂಡೋಸ್ ಡಿಸ್ಕ್‌ನ ಪೂರ್ತಿ ಪ್ರತಿ) ಅಪ್‌ಗ್ರೇಡ್ ಮಾಡಿದಾಗ ಇಂಥ ಐಚ್ಛಿಕ ಫೀಚರ್‌ಗಳು ಬಿಟ್ಟುಹೋಗುವುದುಂಟು. ಕೆಲವು ಮೆಷಿನ್‌ಗಳಲ್ಲಿ ಮಾತ್ರ ಹೀಗಾಗಿದ್ದರೆ, ಅವನ್ನು ಪೆನ್‌ಡ್ರೈವ್‌ನಿಂದ ಅಪ್‌ಗ್ರೇಡ್ ಮಾಡಿದ್ದಿರಾ ಎಂದು ನೆನಪು ಮಾಡಿಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಆಪ್ಷನಲ್ ಫೀಚರ್ಸ್‌ಗೆ ಹೋಗಿ ಅದನ್ನು ಸೇರಿಸಿ. 0954 ಎಂದು ಮುಗಿಯುವ ಎರರ್ ಬಂದರೆ, ನಿಮ್ಮ ಅಪ್‌ಡೇಟ್‌ಗಳು ಡಬ್ಲ್ಯೂಎಸ್‌ಯುಎಸ್ ಸರ್ವರ್‌ನಿಂದ (ಆಫೀಸಿನೊಳಗೇ ಅಪ್‌ಡೇಟ್ ಹಂಚುವ ಸರ್ವರ್) ಬರುತ್ತಿವೆ, ಆ ಸರ್ವರ್‌ನಲ್ಲಿ ಈ ಫೀಚರ್ ಇಲ್ಲ ಎಂದರ್ಥ. ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್‌ನ ಸಿಸ್ಟಮ್ ಕೆಳಗೆ, ಆಪ್ಷನಲ್ ಕಾಂಪೊನೆಂಟ್‌ಗಳನ್ನು ಎಲ್ಲಿಂದ ತರಬೇಕು ಎಂದು ಹೇಳುವ ಪಾಲಿಸಿ ಇದೆ. ಅದರಲ್ಲಿ ನೇರ ವಿಂಡೋಸ್ ಅಪ್‌ಡೇಟ್‌ನಿಂದ ತರು ಎಂಬ ಪೆಟ್ಟಿಗೆಗೆ ಟಿಕ್ ಹಾಕಿ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಡಾಟ್‌ನೆಟ್ 3.5 ಎಂಬ ಹಳೆಯ ಸಹಾಯಕ ಸಾಫ್ಟ್‌ವೇರ್ ಕೇಳುವಂಥದ್ದಾದರೆ ಅದು ಬರುವುದೂ ಇದೇ ದಾರಿಯಲ್ಲಿ. ಆದ್ದರಿಂದ ಫಾಂಟ್ ಕೆಲಸವನ್ನು ಮೊದಲು ಮುಗಿಸಿಕೊಂಡು, ಆಮೇಲೆ ಶೇರ್ ಬದಲಿಸಲು ಕೂರಿ.